ನುಂಗಿದ ಪಾಚಿ ಇನ್ನೂ ಒಳಗೇ ಇದೆ: ಹಸಿರು ಅಮೀಬಾಗಳ ಕೋಶದ ಕತೆ

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಮುದ್ರದ ನೀರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಲ್ಲಿ ಹಸಿರು ಚುಕ್ಕೆಗಳು. ಮೊದಲ ನೋಟಕ್ಕೆ ಯಾವುದೋ ಸಾಮಾನ್ಯ ಪಾಚಿ ಅನಿಸುತ್ತದೆ. ಅವಸರ ಮಾಡದೆ ಇನ್ನೂ ಸ್ವಲ್ಪ ಹೊತ್ತು ನೋಡಿ. ಪ್ರತಿ ಚುಕ್ಕೆಯಿಂದಲೂ ನೂಲಿನಂಥ ಎಳೆಗಳು ಹೊರಟಿವೆ. ಒಂದರ ಎಳೆ ಪಕ್ಕದ್ದರ ಎಳೆಯ ಜೊತೆ ಕೂಡಿಕೊಂಡಿದೆ. ಅದು ಇನ್ನೊಂದರ ಜೊತೆ. ಹೀಗೆ ಹತ್ತಾರು ಕೋಶಗಳು ಸೇರಿ ಒಂದು ಹಸಿರು ಬಲೆ ನೇಯ್ದುಕೊಂಡಿವೆ. ಆ ಬಲೆಗೆ ಒಂದು ಬ್ಯಾಕ್ಟೀರಿಯಾ ಸಿಕ್ಕಿಕೊಂಡರೆ ಅದರ ಕತೆ ಮುಗಿದ ಹಾಗೆಯೇ. ಹಸಿರು ಕೋಶ ಅದನ್ನು ಎಳೆದುಕೊಂಡು ತಿಂದುಬಿಡುತ್ತದೆ.

ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುವ ಜೀವಿ ಬೇಟೆಯನ್ನೂ ಆಡುತ್ತಿದೆ. ಗಿಡದ ಕೆಲಸ, ಅಮೀಬಾದ ಮೈ. ಇದನ್ನು ಯಾವ ಗುಂಪಿಗೆ ಸೇರಿಸೋಣ?

ಆಸ್ಟ್ರಿಯಾದ ಪಾಚಿತಜ್ಞ ಲೋಥರ್ ಗೈಟ್ಲರ್ ಅವರಿಗೆ ಎದುರಾಗಿದ್ದು ಇದೇ ಪ್ರಶ್ನೆ. ಕೆನರಿ ದ್ವೀಪಗಳಿಂದ ಬಂದ ಸಮುದ್ರದ ಪಾಚಿಯ ಜೊತೆ ಬೆಳೆಯುತ್ತಿದ್ದ ಈ ಜೀವಿಯನ್ನು ಅವರು 1930ರಲ್ಲಿ ವಿವರಿಸಿದರು. ಕ್ಲೋರರಾಕ್ನಿಯಾನ್ ರೆಪ್ಟಾನ್ಸ್ ಎಂದು ಹೆಸರಿಟ್ಟರು. 'ಕ್ಲೋರ್' ಅಂದರೆ ಹಸಿರು, 'ಅರಾಕ್ನಿ' ಅಂದರೆ ಜೇಡ, 'ರೆಪ್ಟಾನ್ಸ್' ಅಂದರೆ ತೆವಳುವುದು. ತೆವಳುವ ಹಸಿರು ಜೇಡ! ಕಂಡದ್ದನ್ನು ಕಂಡ ಹಾಗೆ ಹೇಳುವ ಹೆಸರು ಇದು. ಇಂದು ಈ ಇಡೀ ಗುಂಪಿಗೇ ಕ್ಲೋರರಾಕ್ನಿಯೋಫೈಟ್‌ಗಳು ಎಂಬ ಹೆಸರಿದೆ.

ಹೆಸರು ಚೆನ್ನಾಗಿ ಕೂತಿತು, ಜಾಗ ಮಾತ್ರ ಕೂರಲಿಲ್ಲ. ಗೈಟ್ಲರ್ ಇದನ್ನು ಹಳದಿ-ಹಸಿರು ಪಾಚಿಗಳ ಗುಂಪಿಗೆ ಸೇರಿಸಿದ್ದರು. ಅವರ ಕೈಲಿದ್ದದ್ದು ಬೆಳಕಿನ ಸೂಕ್ಷ್ಮದರ್ಶಕ. ಕೋಶದ ಒಳಗಿನ ಪೊರೆಗಳನ್ನು ಎಣಿಸುವುದು ಅದರಿಂದ ಆಗದ ಮಾತು. ಗುಟ್ಟೆಲ್ಲ ಅಡಗಿದ್ದದ್ದು ಆ ಪೊರೆಗಳಲ್ಲೇ. ಅದು ಹೊರಬರಲು ಅರ್ಧ ಶತಮಾನವೇ ಬೇಕಾಯಿತು.

ಪೊರೆ ಎಣಿಸಿದಾಗ

1984ರಲ್ಲಿ ಡೇವಿಡ್ ಹಿಬರ್ಡ್ ಮತ್ತು ರಿಚರ್ಡ್ ನಾರಿಸ್ ಈ ಜೀವಿಯನ್ನು ತೆಳುವಾಗಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ವಿವರ ಪ್ರಕಟಿಸಿದರು. ಆಗ ಗೊತ್ತಾಯಿತು, ಇದು ಗೊತ್ತಿದ್ದ ಯಾವ ಪಾಚಿ ಗುಂಪಿಗೂ ಹೊಂದುವುದಿಲ್ಲ ಅಂತ. ಹಾಗಾಗಿ ಅವರು ಇದಕ್ಕೆಂದೇ ಹೊಸ ವಿಭಾಗ, ಹೊಸ ವರ್ಗ ಎರಡನ್ನೂ ಕಟ್ಟಿದರು. ವಿಭಾಗದ ಹೆಸರು ಕ್ಲೋರರಾಕ್ನಿಯೋಫೈಟಾ, ವರ್ಗದ ಹೆಸರು ಕ್ಲೋರರಾಕ್ನಿಯೋಫೈಸಿಯೇ.

ಒಂದೇ ಒಂದು ಪ್ರಭೇದಕ್ಕಾಗಿ ಇಡೀ ವಿಭಾಗ ಕಟ್ಟುವುದು ಸಣ್ಣ ನಿರ್ಧಾರವಲ್ಲ. ಅವರಿಗೆ ಅಷ್ಟು ಧೈರ್ಯ ಏಕೆ ಬಂತು ಅಂತ ತಿಳಿಯಬೇಕಾದರೆ ನಾವೂ ಈ ಕೋಶದ ಒಳಗೆ ಹೋಗಬೇಕು. ಹೊರಗಿನಿಂದ ಒಂದೊಂದೇ ಹೆಜ್ಜೆ ಇಡೋಣ.

ಅಮೀಬಾ ರೂಪದ ಕೋಶಕ್ಕೆ ಹೊರಗೆ ಗಟ್ಟಿ ಗೋಡೆ ಇಲ್ಲ, ಬರೀ ಪೊರೆ. ಅದನ್ನು ದಾಟಿದರೆ ಕೋಶರಸ. ಮಧ್ಯದಲ್ಲಿ ಕೋಶಕೇಂದ್ರ. ಸುತ್ತ ಮೈಟೊಕಾಂಡ್ರಿಯಾಗಳಿವೆ, ಅವುಗಳ ಒಳಮಡಿಕೆಗಳು ಕೊಳವೆಯ ಆಕಾರದವು. ಹೊರಗೆ ಚಿಮ್ಮಿಸಬಲ್ಲ ಸಣ್ಣ ಚೀಲಗಳೂ ಇವೆ. ಇಲ್ಲಿಯವರೆಗೆ ಯಾವುದೋ ಅಮೀಬಾದ ಒಳಗೆ ನಿಂತಂತೆಯೇ ಇದೆ.

ಈಗ ಎದುರಿಗೆ ಹಸಿರು ಕ್ಲೋರೋಪ್ಲಾಸ್ಟ್‌ಗಳು. ಕ್ಲೋರರಾಕ್ನಿಯಾನ್‌ನಲ್ಲಿ ಇವು ಒಂದಲ್ಲ, ಹಲವಾರು. ಒಂದರ ಹತ್ತಿರ ಹೋಗಿ ನಿಲ್ಲೋಣ. ಗಿಡದ ಎಲೆಯಲ್ಲಿರುವ ಕ್ಲೋರೋಪ್ಲಾಸ್ಟಿಗೆ ಎರಡು ಪೊರೆ ಇರುತ್ತವೆ. ಇಲ್ಲಿ ಮೊದಲ ಪೊರೆ ದಾಟುತ್ತೇವೆ, ಎರಡನೆಯದನ್ನೂ ದಾಟುತ್ತೇವೆ. ಇನ್ನೇನು ಕ್ಲೋರೋಪ್ಲಾಸ್ಟಿನ ಒಳಗೆ ಬಂದೆವು ಅಂದುಕೊಂಡರೆ, ಇಲ್ಲ! ನಾವು ನಿಂತಿರುವುದು ಒಂದು ಇಕ್ಕಟ್ಟಾದ ನಡುಜಾಗದಲ್ಲಿ. ಇಲ್ಲಿ ರೈಬೋಸೋಮ್‌ಗಳಿವೆ. ಅಂದರೆ ಪ್ರೋಟೀನ್ ಕಟ್ಟುವ ಕೆಲಸ ಇಲ್ಲೂ ನಡೆಯುತ್ತದೆ. ಒಂದು ಮೂಲೆಯಲ್ಲಿ ಪುಟ್ಟ ಚೀಲ ಕೂತಿದೆ. ಅದಕ್ಕೆ ತನ್ನದೇ ಎರಡು ಪದರದ ಹೊದಿಕೆ ಇದೆ. ಹೊದಿಕೆಯಲ್ಲಿ ರಂಧ್ರಗಳಿವೆ, ದೊಡ್ಡ ಕೋಶಕೇಂದ್ರಕ್ಕೆ ಇರುವಂಥವೇ. ಅದನ್ನು ಬಿಟ್ಟು ಮುಂದೆ ಹೋದರೆ ಮೂರನೆಯ ಪೊರೆ, ನಾಲ್ಕನೆಯ ಪೊರೆ. ಅದನ್ನೂ ದಾಟಿದ ಮೇಲೆಯೇ ಪತ್ರಹರಿತ್ತು ತುಂಬಿದ ಹಸಿರು ಪದರಗಳು ಸಿಗುವುದು.

ನಾಲ್ಕು ಪೊರೆ, ನಡುವೆ ಒಂದು ಕುಬ್ಜ ಕೋಶಕೇಂದ್ರ. ಈ ಕುಬ್ಜನ ಹೆಸರು ನ್ಯೂಕ್ಲಿಯೋಮಾರ್ಫ್. ಅಲ್ಲಿಯವರೆಗೆ ಇಂಥದ್ದು ಕಂಡಿದ್ದು ಕ್ರಿಪ್ಟೋಮೊನಾಡ್ ಎಂಬ ಬೇರೊಂದು ಪಾಚಿ ಗುಂಪಿನಲ್ಲಿ ಮಾತ್ರ.

ಇದರ ಅರ್ಥ ಏನು ಅಂತ ಪೊರೆಗಳೇ ಹೇಳುತ್ತವೆ. ತುಂಬಾ ಹಿಂದೆ, ಬಣ್ಣವಿಲ್ಲದ ಒಂದು ಅಮೀಬಾದಂಥ ಜೀವಿ ಒಂದು ಹಸಿರು ಪಾಚಿಯನ್ನು ನುಂಗಿತು. ನುಂಗಿದ್ದನ್ನು ಅರಗಿಸಲಿಲ್ಲ, ಇಟ್ಟುಕೊಂಡಿತು. ಒಳಗಿನ ಎರಡು ಪೊರೆ ಆ ಹಸಿರು ಪಾಚಿಯ ಕ್ಲೋರೋಪ್ಲಾಸ್ಟಿನವು. ಅದರ ಹೊರಗಿನ ಮೂರನೆಯದು ಪಾಚಿಯ ಮೈಪೊರೆ. ಎಲ್ಲಕ್ಕಿಂತ ಹೊರಗಿನದು ನುಂಗಿದವನ ಪೊರೆ, ಅಂದರೆ ಬೇಟೆಯನ್ನು ಸುತ್ತಿಟ್ಟ ಚೀಲದ ಗುರುತು. ಹಾಗಾದರೆ ಆ ಇಕ್ಕಟ್ಟಾದ ನಡುಜಾಗ? ಅದು ನುಂಗಿಸಿಕೊಂಡ ಪಾಚಿಯ ಕೋಶರಸದಲ್ಲಿ ಉಳಿದದ್ದು. ನ್ಯೂಕ್ಲಿಯೋಮಾರ್ಫ್ ಅದರ ಕೋಶಕೇಂದ್ರದಲ್ಲಿ ಉಳಿದದ್ದು. ಆ ಪಾಚಿಯ ಮೈಟೊಕಾಂಡ್ರಿಯಾ ಹೋಯಿತು, ಉಳಿದ ಅಂಗಗಳೂ ಹೋದವು. ಇದೊಂದು ಮಾತ್ರ ಉಳಿಯಿತು.

ಕ್ಲೋರೋಪ್ಲಾಸ್ಟ್ ಎಂಬುದೇ ಮೂಲದಲ್ಲಿ ಒಂದು ಸಯನೋಬ್ಯಾಕ್ಟೀರಿಯಾ, ಅಲ್ವಾ? ಅದನ್ನು ಹಸಿರು ಪಾಚಿಗಳ ಪೂರ್ವಜ ನುಂಗಿತ್ತು. ಅಂಥ ಪಾಚಿಯನ್ನು ಈ ಅಮೀಬಾ ನುಂಗಿತು. ಒಂದರೊಳಗೊಂದು ಮೂರು ಜೀವಿಗಳ ಕತೆ ಇದು. ಕೋಶವನ್ನು ಸೀಳಿದರೆ ಆ ಮೂರರ ಗಡಿಗಳೂ ಇನ್ನೂ ಕಾಣುತ್ತವೆ.

ಇದನ್ನು ಬರೀ ಊಹೆ ಅಂದುಬಿಡುವವರಿಗೆ ಉತ್ತರ ಸಿಗಲು ಮತ್ತೂ ಕೆಲವು ವರ್ಷ ಹಿಡಿಯಿತು. 1989ರಲ್ಲಿ ನ್ಯೂಕ್ಲಿಯೋಮಾರ್ಫ್ ಒಳಗೆ ಡಿಎನ್ಎ ಇದೆ ಎಂದು ತೋರಿಸಿದರು. 1994ರಲ್ಲಿ ಜೆಫ್ ಮೆಕ್‌ಫ್ಯಾಡನ್, ಪಾಲ್ ಗಿಲ್ಸನ್ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದೇ ಕೋಶದಲ್ಲಿ ಎರಡು ಬೇರೆ ಬೇರೆ ಬಗೆಯ ರೈಬೋಸೋಮ್ ಆರ್‌ಎನ್‌ಎ ಇದ್ದವು. ಒಂದು ಅಮೀಬಾದ ಕೋಶಕೇಂದ್ರದ್ದು. ಇನ್ನೊಂದು ನ್ಯೂಕ್ಲಿಯೋಮಾರ್ಫಿನದು, ಕೆಲಸ ಮಾಡುತ್ತಿದ್ದದ್ದು ಆ ನಡುಜಾಗದಲ್ಲಿ. ನುಂಗಿಸಿಕೊಂಡವನ ಕೋಶರಸ ಇನ್ನೂ ಜೀವಂತವಾಗಿದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಹಿಡಿಯಷ್ಟು ಡಿಎನ್ಎ

ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಆ ಕುಬ್ಜ ಕೋಶಕೇಂದ್ರವೇ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಇದೇ ಗುಂಪಿನ ಬಿಗೆಲೊವಿಯೆಲ್ಲಾ ನಾಟಾನ್ಸ್ ಎಂಬ ಪ್ರಭೇದದ ನ್ಯೂಕ್ಲಿಯೋಮಾರ್ಫಿನ ಡಿಎನ್ಎಯನ್ನು 2006ರಲ್ಲಿ ಪೂರ್ತಿ ಓದಿದರು. ಇರುವುದು ಮೂರೇ ಕ್ರೋಮೋಸೋಮ್, ಒಟ್ಟು ಸುಮಾರು 3,73,000 ಅಕ್ಷರ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದಲ್ಲೇ ಸುಮಾರು 46 ಲಕ್ಷ ಅಕ್ಷರಗಳಿವೆ. ಒಂದು ಕಾಲದಲ್ಲಿ ಸ್ವತಂತ್ರ ಪಾಚಿಯನ್ನು ನಡೆಸುತ್ತಿದ್ದ ಕೋಶಕೇಂದ್ರ ಈಗ ಬ್ಯಾಕ್ಟೀರಿಯಾದ ಹತ್ತನೇ ಒಂದು ಪಾಲಿಗೂ ಕಡಿಮೆ ಆಗಿ ಕುಗ್ಗಿದೆ.

ಜಾಗ ಇಷ್ಟು ಕಡಿಮೆ ಆದಾಗ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಜೀನ್‌ಗಳ ಒಳಗೆ ನಡುನಡುವೆ ಇಂಟ್ರಾನ್ ಎಂಬ ತುಣುಕುಗಳು ಬರುತ್ತವೆ. ಪ್ರೋಟೀನ್ ಕಟ್ಟುವ ಮುಂಚೆ ಕೋಶ ಅವನ್ನು ಕತ್ತರಿಸಿ ತೆಗೆಯುತ್ತದೆ. ಮನುಷ್ಯರಲ್ಲಿ ಒಂದು ಇಂಟ್ರಾನ್ ಸಾವಿರಾರು ಅಕ್ಷರ ಉದ್ದ ಇರುವುದು ಮಾಮೂಲು. ಈ ನ್ಯೂಕ್ಲಿಯೋಮಾರ್ಫಿನಲ್ಲಿ ಇಂಟ್ರಾನ್‌ಗಳ ಉದ್ದ 18ರಿಂದ 21 ಅಕ್ಷರ ಮಾತ್ರ. ಅವನ್ನೆಲ್ಲ ಪೂರ್ತಿ ಅಳಿಸಿಹಾಕಿದ್ದರೆ ಜಾಗ ಇನ್ನಷ್ಟು ಉಳಿಯುತ್ತಿತ್ತು. ಹಾಗಾಗಲಿಲ್ಲ. 852 ಇಂಟ್ರಾನ್‌ಗಳು ಹಾಗೇ ಉಳಿದಿವೆ, ಪ್ರತಿಯೊಂದೂ ಇನ್ನು ಕುಗ್ಗಲಾರದಷ್ಟು ಕುಗ್ಗಿ. ಸವೆದು ಸವೆದು ಚೂರಾದರೂ ಬಿಟ್ಟುಹೋಗದ ಹಳೆಯ ಗುರುತುಗಳು ಅವು. ಹಸಿರು ಪಾಚಿಯ ಜೀನ್‌ಗಳಲ್ಲಿ ಹಿಂದೆ ಇಂಟ್ರಾನ್‌ಗಳು ಎಲ್ಲೆಲ್ಲಿದ್ದವು ಅಂತ ಇವುಗಳಿಂದ ಇಂದಿಗೂ ಪತ್ತೆ ಮಾಡಬಹುದು.

ಇಷ್ಟೆಲ್ಲ ಮಾಡಿ ಈ ಕುಬ್ಜ ಕೋಶಕೇಂದ್ರ ಕ್ಲೋರೋಪ್ಲಾಸ್ಟಿಗೆ ಕೊಡುವ ಪ್ರೋಟೀನ್‌ಗಳು ಎಷ್ಟು? ಕೇವಲ 17. ಉಳಿದ ಜೀನ್‌ಗಳಲ್ಲಿ ಹೆಚ್ಚಿನವು ದುಡಿಯುವುದು ಈ 17ನ್ನು ಕಟ್ಟುವ ಯಂತ್ರಗಳನ್ನು ನಡೆಸಲು. ಡಿಎನ್ಎ ನಕಲು, ರೈಬೋಸೋಮ್, ಇಂಟ್ರಾನ್ ಕತ್ತರಿಸುವ ಕತ್ತರಿ, ಹೀಗೆ. 17 ಜನರಿಗಾಗಿ ಒಂದು ಇಡೀ ಕಚೇರಿ ತೆರೆದಿಟ್ಟ ಹಾಗೆ.

ಕ್ಲೋರೋಪ್ಲಾಸ್ಟಿನ ಒಳಗಿರುವ ಡಿಎನ್ಎ ಕೂಡ ಚಿಕ್ಕದು, ಸುಮಾರು 69,000 ಅಕ್ಷರ. ಹಾಗಾಗಿ ಅದಕ್ಕೆ ಬೇಕಾದ ಬಹುಪಾಲು ಪ್ರೋಟೀನ್‌ಗಳ ಜೀನ್‌ಗಳು ಬಹಳ ಹಿಂದೆಯೇ ಗಂಟುಮೂಟೆ ಕಟ್ಟಿಕೊಂಡು ಅಮೀಬಾದ ದೊಡ್ಡ ಕೋಶಕೇಂದ್ರಕ್ಕೆ ಹೋಗಿ ಸೇರಿವೆ. ಅಲ್ಲಿ ತಯಾರಾದ ಪ್ರೋಟೀನ್ ನಾಲ್ಕೂ ಪೊರೆ ದಾಟಿ ಒಳಗೆ ಬರಬೇಕು. ಅದಕ್ಕಾಗಿ ಪ್ರೋಟೀನಿನ ತಲೆಗೆ ಎರಡು ಭಾಗದ ವಿಳಾಸದ ಚೀಟಿ ಅಂಟಿರುತ್ತದೆ. ಮೊದಲ ಭಾಗ ಅದನ್ನು ಅಮೀಬಾದ ಒಳಸಾಗಣೆಯ ದಾರಿಗೆ ಹತ್ತಿಸುತ್ತದೆ. ಆ ಭಾಗ ಕತ್ತರಿಸಿ ಬಿದ್ದ ಮೇಲೆ ಎರಡನೆಯ ಭಾಗ ಕೆಲಸಕ್ಕೆ ಬರುತ್ತದೆ. ಅದು ಗಿಡಗಳ ಪ್ರೋಟೀನ್‌ಗಳು ಕ್ಲೋರೋಪ್ಲಾಸ್ಟಿಗೆ ಹೋಗಲು ಬಳಸುವ ಚೀಟಿಯಂಥದ್ದೇ.

ಹಾಗಿದ್ದರೆ ಆ 17 ಮಾತ್ರ ಏಕೆ ಉಳಿದವು? 2012ರಲ್ಲಿ ಬಿಗೆಲೊವಿಯೆಲ್ಲಾದ ದೊಡ್ಡ ಕೋಶಕೇಂದ್ರದ ಡಿಎನ್ಎಯನ್ನೂ ಓದಿದರು. ಅದರಲ್ಲಿ 21,000ಕ್ಕೂ ಹೆಚ್ಚು ಜೀನ್‌ಗಳಿವೆ. ಮೈಟೊಕಾಂಡ್ರಿಯಾದಿಂದ ಇತ್ತೀಚೆಗೆ ಬಂದು ಸೇರಿದ ಡಿಎನ್ಎ ಚೂರುಗಳು ಅದರಲ್ಲಿ ಸಿಕ್ಕವು. ಆದರೆ ನ್ಯೂಕ್ಲಿಯೋಮಾರ್ಫಿನಿಂದ ಬಂದ ಹೊಸ ಚೂರು ಒಂದೂ ಸಿಗಲಿಲ್ಲ. ಸಾಗಣೆ ನಿಂತುಹೋಗಿದೆ. ಇದಕ್ಕೆ ಕೊಡುವ ವಿವರಣೆ ಸರಳ. ಒಂದು ಅಂಗ ಒಡೆದು ಅದರ ಡಿಎನ್ಎ ಚೆಲ್ಲಿದರೆ ತಾನೇ ಅದು ಕೋಶಕೇಂದ್ರ ಸೇರುವುದು? ಮೈಟೊಕಾಂಡ್ರಿಯಾಗಳು ತುಂಬಾ ಇವೆ, ಒಂದು ಒಡೆದರೂ ಕೋಶ ಬದುಕುತ್ತದೆ. ನ್ಯೂಕ್ಲಿಯೋಮಾರ್ಫ್ ಒಂದೇ ಒಂದು ಇದ್ದರೆ, ಅದು ಒಡೆದ ದಿನ ಕೋಶವೂ ಸತ್ತಂತೆ. ಹೀಗೆ ಕೊನೆಯ ಕೆಲವು ಜೀನ್‌ಗಳು ದಾರಿ ಸಿಗದೆ ಒಳಗೇ ಉಳಿದಿರಬೇಕು.

ಕ್ರಿಪ್ಟೋಮೊನಾಡ್‌ಗಳಲ್ಲೂ ನ್ಯೂಕ್ಲಿಯೋಮಾರ್ಫ್ ಇದೆ ಎಂದೆನಲ್ಲ, ಅವು ಇವಕ್ಕೆ ಹತ್ತಿರದ ನೆಂಟರಲ್ಲ. ಅವು ನುಂಗಿದ್ದು ಹಸಿರು ಪಾಚಿಯನ್ನಲ್ಲ, ಕೆಂಪು ಪಾಚಿಯನ್ನು. ಗಿಲ್ಲಾರ್ಡಿಯಾ ಥೀಟಾ ಎಂಬ ಕ್ರಿಪ್ಟೋಮೊನಾಡಿನ ನ್ಯೂಕ್ಲಿಯೋಮಾರ್ಫ್ ಡಿಎನ್ಎಯನ್ನು 2001ರಲ್ಲೇ ಓದಿದ್ದರು. ಅದು 5,51,000 ಅಕ್ಷರದ್ದು. ಅದರಲ್ಲೂ ಕ್ರೋಮೋಸೋಮ್‌ಗಳು ಮೂರೇ! ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜೀವಿಗಳು, ಬೇರೆ ಬೇರೆ ಪಾಚಿಗಳನ್ನು ನುಂಗಿ, ಕೊನೆಗೆ ಎರಡೂ ಬಂದು ನಿಂತದ್ದು ಮೂರರಲ್ಲೇ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಟ ತಿರುಗಿಸದೆ ತುಂಬಾ ಹೊತ್ತು ಕೂತಿದ್ದೆ.

ಕುಲ ಗುರುತಿಸುವುದು ಹೇಗೆ

ಈ ಗುಂಪು ದೊಡ್ಡದೇನಲ್ಲ. ಹೆಸರು ಪಡೆದ ಪ್ರಭೇದಗಳು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಎಲ್ಲವೂ ಸಮುದ್ರದವು, ಹೆಚ್ಚಾಗಿ ಬೆಚ್ಚಗಿನ ಸಮುದ್ರಗಳವು. ಕೆಲವು ದಡದ ಮರಳಿನಲ್ಲಿ, ಕಡಲಪಾಚಿಗಳ ಮೇಲೆ ಇರುತ್ತವೆ. ಕೆಲವು ನೀರಿನಲ್ಲಿ ತೇಲುತ್ತವೆ.

ಹೊರ ರೂಪ ನೋಡಿ ವಿಂಗಡಿಸೋಣ ಅಂದರೆ ಇವು ಕೈಗೆ ಸಿಗುವುದಿಲ್ಲ. ಒಂದೇ ಪ್ರಭೇದ ಮೂರು ವೇಷ ಹಾಕಬಲ್ಲದು. ಎಳೆ ಚಾಚಿ ತೆವಳುವ ಅಮೀಬಾ ಒಂದು. ಗೋಡೆ ಕಟ್ಟಿಕೊಂಡು ಗುಂಡಗೆ ಕೂತ ಕೋಶ ಇನ್ನೊಂದು. ಚಾಟಿಯಂಥ ಒಂದೇ ಕಶಾಂಗ ಬೀಸಿ ಈಜುವ ಕೋಶ ಮೂರನೆಯದು. ಈ ಈಜುವ ರೂಪವನ್ನು ಗಮನಿಸಿ ನೋಡಬೇಕು. ಕಶಾಂಗ ಕೋಶದ ತುದಿಯ ಹತ್ತಿರ ಹುಟ್ಟುತ್ತದೆ. ಆದರೆ ಅದು ಹಿಂದಕ್ಕೆ ಬಾಗಿ ಮೈಯನ್ನೇ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ, ಬುಗುರಿಗೆ ದಾರ ಸುತ್ತಿದ ಹಾಗೆ. ಕೋಶ ತಿರುಗುತ್ತಾ ತಿರುಗುತ್ತಾ ಮುಂದೆ ಸಾಗುತ್ತದೆ.

ಎಲ್ಲ ಪ್ರಭೇದಗಳೂ ಮೂರೂ ವೇಷ ಹಾಕುವುದಿಲ್ಲ. ಬಿಗೆಲೊವಿಯೆಲ್ಲಾ ನಾಟಾನ್ಸ್ ಹೆಚ್ಚಿನ ಆಯುಸ್ಸನ್ನು ಈಜುತ್ತಲೇ ಕಳೆಯುತ್ತದೆ. 'ನಾಟಾನ್ಸ್' ಅಂದರೂ ಈಜುವುದು ಎಂದೇ ಅರ್ಥ. ಜಿಮ್ನೋಕ್ಲೋರಾ ಸ್ಟೆಲ್ಲಾಟಾ ನಕ್ಷತ್ರದ ಹಾಗೆ ಎಳೆ ಚಾಚಿದ ಅಮೀಬಾ. ಲೋಥರೆಲ್ಲಾ ಗ್ಲೋಬೋಸಾ ಗುಂಡಗೆ ಗೋಡೆ ಕಟ್ಟಿ ಕೂರುವ ಜಾತಿ. ಯಾವ ವೇಷ ಮುಖ್ಯ ಅನ್ನುವುದು ಪ್ರಭೇದ ಗುರುತಿಸಲು ನೆರವಾಗುತ್ತದೆ. ಆದರೆ ಕುಲ ಬೇರ್ಪಡಿಸಲು ಅದು ಸಾಲದು. ಒಂದೇ ಕುಲದ ಒಳಗೂ ವೇಷ ಬದಲಾಗುತ್ತದೆ.

ಹಾಗಾಗಿ ತಜ್ಞರು ಮತ್ತೆ ಕೋಶದ ಒಳಗೇ ಹೋದರು. ಸಾಮಾನ್ಯವಾಗಿ ಕ್ಲೋರೋಪ್ಲಾಸ್ಟಿನಿಂದ ಪೈರಿನಾಯ್ಡ್ ಎಂಬ ಉಬ್ಬು ಹೊರಚಾಚಿರುತ್ತದೆ. ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯಾಗಿಸುವ ಕಿಣ್ವ ದಟ್ಟವಾಗಿ ಸೇರಿರುವುದು ಇಲ್ಲೇ. ಉಬ್ಬಿನ ಮೇಲೆ ಟೋಪಿ ಇಟ್ಟ ಹಾಗೆ ಒಂದು ಚೀಲ ಕೂತಿರುತ್ತದೆ, ಅದರಲ್ಲಿ ಆಹಾರದ ದಾಸ್ತಾನು. ಹಸಿರು ಪಾಚಿಗಳು ಪಿಷ್ಟವನ್ನು ಕ್ಲೋರೋಪ್ಲಾಸ್ಟಿನ ಒಳಗೇ ಇಟ್ಟುಕೊಳ್ಳುತ್ತವೆ. ಇವು ಹಾಗಲ್ಲ. ಇವು ಬೀಟಾ ಗ್ಲುಕಾನ್ ಎಂಬ ಬೇರೆ ಬಗೆಯ ಸಕ್ಕರೆ ಸರಪಳಿ ಮಾಡಿ, ಅದನ್ನು ಕ್ಲೋರೋಪ್ಲಾಸ್ಟಿನ ಹೊರಗೆ, ಅಮೀಬಾದ ಕೋಶರಸದಲ್ಲಿ ಇಡುತ್ತವೆ. ದುಡಿಯುವವನು ಒಳಗೆ, ಬೀಗದ ಕೈ ಯಜಮಾನನ ಹತ್ತಿರ.

ಕುಲದ ಗುರುತು ಇರುವುದು ಈ ಪೈರಿನಾಯ್ಡಿನ ಸೀಳಿನಲ್ಲಿ, ಅಂದರೆ ಅದರೊಳಗಿನ ಬಿರುಕಿನಂಥ ಸಂದಿನಲ್ಲಿ. ಕ್ಲೋರರಾಕ್ನಿಯಾನ್‌ನಲ್ಲಿ ಸೀಳು ಆಳ, ನ್ಯೂಕ್ಲಿಯೋಮಾರ್ಫ್ ಅದರೊಳಗೆ ಹುದುಗಿ ಕೂತಿರುತ್ತದೆ. ಬಿಗೆಲೊವಿಯೆಲ್ಲಾದಲ್ಲಿ ಸೀಳು ಆಳವಿಲ್ಲ, ನ್ಯೂಕ್ಲಿಯೋಮಾರ್ಫ್ ಪೈರಿನಾಯ್ಡಿನ ಬುಡದ ಹತ್ತಿರ ಇರುತ್ತದೆ. ಜಿಮ್ನೋಕ್ಲೋರಾದಲ್ಲಿ ಸೀಳಿನ ಬದಲು ಎಲ್ಲಕ್ಕಿಂತ ಒಳಗಿನ ಪೊರೆ ಸಣ್ಣ ಕೊಳವೆಗಳಾಗಿ ಪೈರಿನಾಯ್ಡಿನೊಳಗೆ ಹೊಕ್ಕಿರುತ್ತದೆ. ಪಾರ್ಟೆನ್ಸ್‌ಕಿಯೆಲ್ಲಾದಲ್ಲಿ ಪೈರಿನಾಯ್ಡೇ ಇಲ್ಲ. ಲೋಥರೆಲ್ಲಾ ಎಂಬ ಕುಲದ ಹೆಸರಿನಲ್ಲಿ ಲೋಥರ್ ಗೈಟ್ಲರ್ ಇದ್ದಾರೆ, ನಾರಿಸಿಯೆಲ್ಲಾದಲ್ಲಿ ರಿಚರ್ಡ್ ನಾರಿಸ್.

ಪೈರಿನಾಯ್ಡ್ ನೋಡಿ ಹಾಕಿದ ಗೆರೆಗಳು ಎಲ್ಲ ಕಡೆ ಗಟ್ಟಿಯಾಗಿ ನಿಲ್ಲಲಿಲ್ಲ. ಲೋಥರೆಲ್ಲಾ ಕುಲದಲ್ಲಿದ್ದ ಒಂದು ಪ್ರಭೇದ ಡಿಎನ್ಎ ಹೋಲಿಕೆಯಲ್ಲಿ ದೂರ ಹೋಗಿ ನಿಂತಿತು. ಈಗ ಅದರ ಹೆಸರು ಅಮಾರ್ಫೋಕ್ಲೋರಾ ಅಮೀಬಿಫಾರ್ಮಿಸ್.

ಹಸಿರಿದ್ದರೂ ಗಿಡದ ಕುಟುಂಬವಲ್ಲ

ಇನ್ನು ಜೀವವೃಕ್ಷದಲ್ಲಿ ಇವುಗಳ ಜಾಗ ಎಲ್ಲಿ? ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇವೆ. ನುಂಗಿದವನು ಯಾರು, ನುಂಗಿಸಿಕೊಂಡವನು ಯಾರು? ಇವೆರಡನ್ನೂ ಬೆರೆಸಿಬಿಟ್ಟರೆ ವರ್ಗೀಕರಣ ತಲೆಗೆ ಹತ್ತುವುದೇ ಇಲ್ಲ.

ನುಂಗಿದವನ ಉತ್ತರ 1995ರಲ್ಲಿ ಬಂತು. ದೊಡ್ಡ ಕೋಶಕೇಂದ್ರದ ರೈಬೋಸೋಮ್ ಜೀನನ್ನು ಹೋಲಿಸಿ ನೋಡಿದಾಗ ಇವು ಯೂಗ್ಲಿಫಾದಂಥ ಅಮೀಬಾಗಳ ಪಕ್ಕ ಬಂದು ನಿಂತವು. ಯೂಗ್ಲಿಫಾಗಳು ಮಣ್ಣಿನಲ್ಲಿ, ಹಾವಸೆಯಲ್ಲಿ ಸಿಗುವ, ಸಿಲಿಕಾ ಬಿಲ್ಲೆಗಳ ಚಿಪ್ಪು ಹೊತ್ತ, ಹಸಿರಿನ ಸುಳಿವೂ ಇಲ್ಲದ ಜೀವಿಗಳು. ಮುಂದೆ ಜೀವಶಾಸ್ತ್ರಜ್ಞ ಥಾಮಸ್ ಕ್ಯಾವಲಿಯರ್-ಸ್ಮಿತ್ 1998ರಲ್ಲಿ ಸರ್ಕೋಜೋವಾ ಎಂಬ ಗುಂಪನ್ನೂ 2002ರಲ್ಲಿ ಅದಕ್ಕಿಂತ ದೊಡ್ಡದಾದ ರೈಜೇರಿಯಾವನ್ನೂ ಹೆಸರಿಸಿದರು. ನಮ್ಮ ಹಸಿರು ಜೇಡಗಳು ಸರ್ಕೋಜೋವಾದ ಒಳಗೆ ಬರುತ್ತವೆ. ಫೊರಾಮಿನಿಫೆರಾ, ರೇಡಿಯೊಲೇರಿಯಾ ಎಂಬ ಏಕಕೋಶಿ ಜೀವಿಗಳೂ ರೈಜೇರಿಯಾದವೇ.

ಪಾಚಿ ಅಧ್ಯಯನ ಮಾಡುವವರು ಸಸ್ಯಗಳ ನಾಮಕರಣ ನಿಯಮದಂತೆ ಕ್ಲೋರರಾಕ್ನಿಯೋಫೈಸಿಯೇ ಅನ್ನುತ್ತಾರೆ. ಪ್ರೋಟೋಜೋವಾ ಅಧ್ಯಯನ ಮಾಡುವವರು ಕ್ಲೋರರಾಕ್ನಿಯಾ ಅನ್ನುತ್ತಾರೆ. ಎರಡೂ ಒಂದೇ ಜೀವಿಗಳ ಹೆಸರು. ಪುಸ್ತಕ ಬದಲಾದಾಗ ಗಾಬರಿಯಾಗಬೇಡಿ.

ನುಂಗಿಸಿಕೊಂಡವನ ಪತ್ತೆ ಇನ್ನೂ ಕಷ್ಟದ್ದು. ಅದು ಹಸಿರು ಪಾಚಿ ಅನ್ನುವುದಕ್ಕೆ ಪತ್ರಹರಿತ್ತಿನ ಎ ಮತ್ತು ಬಿ ಬಗೆಗಳೇ ಸುಳಿವು ಕೊಟ್ಟಿದ್ದವು. ಯೂಗ್ಲೀನಾದಲ್ಲೂ ಇದೇ ಎ ಮತ್ತು ಬಿ ಇವೆ. ಅದೂ ಹಸಿರು ಪಾಚಿ ನುಂಗಿದ ಜೀವಿಯೇ. ಹಾಗಾಗಿ ಇಬ್ಬರ ಪೂರ್ವಜ ಒಂದೇ, ನುಂಗಿದ್ದೂ ಒಂದೇ ಸಲ ಎಂದು ಕ್ಯಾವಲಿಯರ್-ಸ್ಮಿತ್ ವಾದಿಸಿದ್ದರು. 2007ರಲ್ಲಿ ಬಿಗೆಲೊವಿಯೆಲ್ಲಾದ ಕ್ಲೋರೋಪ್ಲಾಸ್ಟ್ ಡಿಎನ್ಎ ಪೂರ್ತಿ ಸಿಕ್ಕಿತು. ಆಗ ಆ ವಾದ ನಿಲ್ಲಲಿಲ್ಲ. ಎರಡೂ ಹಸಿರು ಪಾಚಿಗಳ ಬೇರೆ ಬೇರೆ ಕೊಂಬೆಗಳಿಂದ ಬಂದವು. ನಂತರದ ಹೋಲಿಕೆಗಳು ಬ್ರಯಾಪ್ಸಿಡೇಲಿಸ್ ಎಂಬ ಕಡಲಪಾಚಿ ಗುಂಪಿನ ಕಡೆ ಬೆರಳು ತೋರಿಸಿವೆ. ಅಡ್ಡಗೋಡೆಗಳಿಲ್ಲದ ಕೊಳವೆಯಂಥ ಮೈಯ ಪಾಚಿಗಳು ಅವು.

ಇನ್ನೊಂದು ತೊಡಕೂ ಇದೆ. ಬಿಗೆಲೊವಿಯೆಲ್ಲಾದ ದೊಡ್ಡ ಕೋಶಕೇಂದ್ರದಿಂದ ಕ್ಲೋರೋಪ್ಲಾಸ್ಟಿಗೆ ಹೋಗುವ 78 ಪ್ರೋಟೀನ್‌ಗಳ ಜೀನ್‌ಗಳನ್ನು 2003ರಲ್ಲಿ ಒಂದೊಂದಾಗಿ ಪರೀಕ್ಷಿಸಿದ್ದರು. ಅವುಗಳಲ್ಲಿ ಸುಮಾರು 21% ಹಸಿರು ಪಾಚಿಯಿಂದ ಬಂದವಲ್ಲ. ಕೆಂಪು ಪಾಚಿಗಳಿಂದ, ಬ್ಯಾಕ್ಟೀರಿಯಾಗಳಿಂದ, ಹೀಗೆ ಅಲ್ಲಿ ಇಲ್ಲಿಂದ ಬಂದವು. ದಿನಾ ಬೇರೆಯವರನ್ನು ತಿನ್ನುವ ಜೀವಿ, ತಿಂದವರ ಜೀನ್‌ಗಳಲ್ಲಿ ಒಂದೆರಡನ್ನು ಉಳಿಸಿಕೊಂಡಿತು ಅಂದುಕೊಂಡರೆ ಇದು ಅರ್ಥವಾಗುತ್ತದೆ.

ನುಂಗುವ ಮುಂಚೆ ಆ ಅಮೀಬಾ ಹೇಗಿತ್ತು ಅನ್ನುವುದಕ್ಕೂ ಈಗ ಸುಳಿವುಗಳಿವೆ. ಮಿನೋರೀಸಾ ಮಿನೂಟಾ ಎಂಬ ಜೀವಿ ಇವುಗಳ ಹತ್ತಿರದ ನೆಂಟ. ಅದರ ಗಾತ್ರ ಸುಮಾರು 1.4 ಮೈಕ್ರೋಮೀಟರ್, ಬ್ಯಾಕ್ಟೀರಿಯಾ ಗಾತ್ರದ ಬೇಟೆಗಾರ. ರ್‍ಯಾಬ್ಡಮೀಬಾ ಮರೀನಾ ಎಂಬ ಸಮುದ್ರದ ಅಮೀಬಾ ಕೂಡ ಇದೇ ಕೊಂಬೆಗೆ ಸೇರಿದ್ದು ಅಂತ ಡಿಎನ್ಎ ಹೋಲಿಕೆಯಲ್ಲಿ ಗೊತ್ತಾಯಿತು. ಎರಡಕ್ಕೂ ಹಸಿರು ಬಣ್ಣವಿಲ್ಲ. ಎರಡೂ ತಿಂದೇ ಬದುಕುತ್ತವೆ. ಈ ನೆಂಟರೂ ಹಸಿರು ಜೇಡಗಳೂ ಕವಲೊಡೆದ ಮೇಲೆ, ಆ ಒಂದು ಕವಲಿನಲ್ಲಿ ಮಾತ್ರ, ನುಂಗಿದ ಪಾಚಿಯೊಂದು ಅರಗದೆ ಉಳಿದುಕೊಂಡಿತು.